ಸಿಂಗಪುರದಲ್ಲಿ ತಲೆ ತಿರುಗದ ಒಬ್ಬನೇ ಒಬ್ಬ

ಹೊರಡುವ ಮುನ್ನ

ಬಸ್ಸು ಹತ್ತಿದರೆ ವಾಂತಿ ಮಾಡುವ ಜನರಲ್ಲಿ ನಾನೊಬ್ಬ. ತುಮಕೂರಿನಿಂದ ಗುಬ್ಬಿಗೆ ಹೋಗಿಬರುವುದೆಂದರೂ ಹಿಂದಿನ ದಿನವೇ ಹೊಟ್ಟೆಯಲ್ಲಿ ಅಳುಕು ಶುರುವಾಗುತ್ತದೆ. ಕಿಟಕಿ ಪಕ್ಕದ ಸೀಟು ಸಿಗಬೇಕು, ಜೇಬಿನಲ್ಲಿ ನಿಂಬೆಹಣ್ಣು ಇರಬೇಕು, ಮುಂದಿನ ಸೀಟಿನವರು ಬೀಡಿ ಹಚ್ಚಬಾರದು. ಇಷ್ಟೆಲ್ಲ ಇದ್ದರೂ ಊರು ಬರುವ ಹೊತ್ತಿಗೆ ನನ್ನ ತಲೆ ಕಿಟಕಿಯಾಚೆ ಇರುತ್ತದೆ. ಇಂಥವನಿಗೆ ಪೇಂಟ್ ಕಂಪನಿಯೊಂದು ಸಿಂಗಪುರ ಪ್ರವಾಸದ ಭಾಗ್ಯ ಕೊಟ್ಟಿತು.

ತೊಂಬತ್ತರ ದಶಕದ ನಡುಭಾಗ ಅದು. ಡೀಲರುಗಳನ್ನು ವಿಮಾನ ಹತ್ತಿಸಿ ಫಾರಿನ್ ತೋರಿಸುವ ಉಮೇದು ಕಂಪನಿಗಳಿಗೆ ಆಗಷ್ಟೇ ಹತ್ತಿತ್ತು. ತುಮಕೂರಿನ ನಮ್ಮ ಪೇಂಟ್ ಅಂಗಡಿ ನನ್ನದೂ ನಮ್ಮಣ್ಣ ಇಸ್ಮಾಯಿಲನದೂ. ಅಬ್ಬಾ ತೀರಿಕೊಂಡ ಮೇಲೆ ಬೋರ್ಡಿನ ಮೇಲೆ ಇಬ್ಬರ ಹೆಸರನ್ನೂ ಬರೆಸಿದ್ದೆವು. ಗಿರಾಕಿಗಳ ಜೊತೆ ಮಾತು ನನ್ನದು. ಬಣ್ಣ ಕಲಸುವುದು, ಡಬ್ಬ ಇಳಿಸುವುದು, ಗೋದಾಮು ನೋಡುವುದು ಅಣ್ಣನದು. ಏಕೆಂದರೆ ಅಣ್ಣನಿಗೆ ಕಿವಿ ಕೇಳುವುದಿಲ್ಲ, ಮಾತೂ ಇಲ್ಲ. ನಾಲ್ಕನೇ ವಯಸ್ಸಿನಲ್ಲಿ ಮಿದುಳು ಜ್ವರ ಬಂದು ಬದುಕುವುದೇ ಅನುಮಾನ ಅನ್ನುವಂತಾಗಿತ್ತಂತೆ. ಜ್ವರ ಇಳಿದಾಗ ಕಿವಿ ಹೋಗಿತ್ತು. ನಡೆಯುವುದನ್ನು ಕೂಡ ಎರಡನೇ ಸಲ, ಕೂಸಿನ ಹಾಗೆ ಗೋಡೆ ಹಿಡಿದು ಕಲಿತನೆಂದು ಅಮ್ಮಿ ಹೇಳುತ್ತಿದ್ದರು. ಮನೆಯೊಳಗೆ ನಮ್ಮದು ಉರ್ದು, ಬಾಗಿಲು ದಾಟಿದರೆ ಕನ್ನಡ. ನನಗೂ ಅಣ್ಣನಿಗೂ ಮಾತ್ರ ಕೈಮಾತು. ಅದು ನಾವಿಬ್ಬರೇ ಉಪ್ಪಾರಹಳ್ಳಿಯ ಮನೆಯ ಜಗುಲಿಯ ಮೇಲೆ ಕೂತು ಕಟ್ಟಿದ ಭಾಷೆ.

ಕಂಪನಿಯಿಂದ ಎರಡು ಟಿಕೆಟ್ಟು ಬಂದಾಗ ಒಂದು ಅಣ್ಣನದು ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ. ಅನುಮಾನ ಬಂದದ್ದು ಕಂಪನಿಯ ಅಧಿಕಾರಿಗೆ. ಬೆಂಗಳೂರಿನಿಂದ ಬಂದ ಆ ತರುಣ ಕೌಂಟರಿಗೆ ಒರಗಿ ದನಿ ತಗ್ಗಿಸಿದ. ಅಣ್ಣನ ಎದುರು ದನಿ ತಗ್ಗಿಸಬೇಕಾದ ಅಗತ್ಯವೇನಿತ್ತೋ!

"ತಪ್ಪು ತಿಳ್ಕೋಬೇಡಿ ಅನ್ವರ್ ಸಾಹೇಬ್ರೇ. ಅಷ್ಟು ದೊಡ್ಡ ಗ್ರೂಪು. ಏರ್‌ಪೋರ್ಟಲ್ಲಿ ಎಲ್ಲಾದ್ರೂ ತಪ್ಪಿಸ್ಕೊಂಡ್ರೆ? ಕೂಗಿದ್ರೂ ಕೇಳಲ್ಲ. ಬೇರೆ ಯಾರನ್ನಾದ್ರೂ ಕರ್ಕೊಂಡು ಬನ್ನಿ."

ಅಣ್ಣ ತುಟಿಗಳನ್ನು ನೋಡುತ್ತಿದ್ದ. ಎಷ್ಟು ಅರ್ಥವಾಯಿತೋ ತಿಳಿಯದು. ಒಳಗೆ ಹೋಗಿ, ಪಾಸ್‌ಪೋರ್ಟಿಗೆಂದು ಸ್ಟುಡಿಯೋದಲ್ಲಿ ತೆಗೆಸಿಟ್ಟಿದ್ದ ಫೋಟೋಗಳನ್ನು ತಂದು ಅಧಿಕಾರಿಯ ಮುಂದೆ ಸಾಲಾಗಿ ಜೋಡಿಸಿದ. ಪ್ರತಿ ಫೋಟೋದಲ್ಲೂ ಅವನು ನಗುತ್ತಿದ್ದ. ಅಧಿಕಾರಿ ಒಂದನ್ನು ಕೈಗೆತ್ತಿಕೊಂಡು, "ಸರಿ, ನಿಮ್ಮ ಜವಾಬ್ದಾರಿ," ಎಂದು ನನ್ನತ್ತ ನೋಡಿದ.

ನಮ್ಮ ಜಿಲ್ಲೆಯಿಂದ ನಾವು ನಾಲ್ಕೇ ಜನ. ನಾವಿಬ್ಬರು, ಗುಬ್ಬಿಯ ಜಯಮ್ಮ, ಕುಣಿಗಲ್ಲಿನ ರಂಗಸ್ವಾಮಿ. ಜಯಮ್ಮ ಹಾಗಲವಾಡಿ ಕಡೆಯ ಹೆಣ್ಣುಮಗಳು. ಗಂಡ ರಾಜಕೀಯ ಎಂದು ಓಡಾಡುತ್ತಿದ್ದರೆ ಗುಬ್ಬಿಯ ಅಂಗಡಿಯನ್ನು ತಾನೇ ನಡೆಸಿ ಗೆದ್ದವರು. ರಂಗಸ್ವಾಮಿಗೆ ಅಂಗಡಿಯ ಜೊತೆ ಎರಡು ಲಾರಿ. ಡ್ರೈವರ್ ಬರದ ದಿನ ತಾನೇ ಸ್ಟೇರಿಂಗ್ ಹಿಡಿದು ಮಂಗಳೂರು ಘಾಟಿ ಇಳಿಸುವ ಆಳು.

ವಿಮಾನ ನಿಲ್ದಾಣದಲ್ಲಿ ಅಣ್ಣನನ್ನು ನೋಡಿ ರಂಗಸ್ವಾಮಿ ನನ್ನ ಭುಜ ತಟ್ಟಿದ. "ಏನ್ ಸಾಬ್ರೇ, ಮೂಗಯ್ಯನ್ನ ಕರ್ಕಂಬಂದಿದೀರಾ? ಫಾರಿನ್‌ಗೆ ಬಂದು ನೀವು ಇವ್ನನ್ನ ಕಾಯ್ಕಂಡ್ ಕೂರಬೇಕಲ್ಲ!"

ಜಯಮ್ಮ ಪಕ್ಕದಿಂದ ಅಂದರು, "ಯಾರ್ ಯಾರನ್ನ ಕಾಯ್ತಾರೋ ನೋಡಾಣ ಬುಡಪ್ಪ. ಇನ್ನೂ ಹೊಂಟೇ ಇಲ್ಲ."

ಮೋಡದ ಮೇಲೆ

ವಿಮಾನದ ಬಗ್ಗೆ ಬರೆದವರೆಲ್ಲ ಮೋಡದ ಬಗ್ಗೆ ಬರೆಯುತ್ತಾರೆ. ನಾನು ನೋಡಿದ್ದು ಮುಂದಿನ ಸೀಟಿನ ಜೇಬಿನಲ್ಲಿದ್ದ ಕಾಗದದ ಚೀಲವನ್ನು. ಇಷ್ಟು ಅಚ್ಚುಕಟ್ಟಾಗಿ ಮಡಿಸಿ, ಅದಕ್ಕೆಂದೇ ಒಂದು ಜಾಗ ಮಾಡಿ ಇಟ್ಟಿದ್ದಾರೆಂದರೆ ನನ್ನಂಥವರು ಲೋಕದಲ್ಲಿ ಬಹಳ ಮಂದಿ ಇದ್ದಾರೆಂದು ಧೈರ್ಯವಾಯಿತು. ನಮ್ಮ ಬಸ್ಸುಗಳಲ್ಲಿ ಕಂಡಕ್ಟರ್ ಬೈಯುತ್ತಾನೆ, ಇಲ್ಲಿ ಗಗನಸಖಿ ಬಿಸಿ ಟವೆಲ್ ತಂದುಕೊಟ್ಟಳು. ಬಂಗಾಳ ಕೊಲ್ಲಿಯ ಮೇಲೆ ವಿಮಾನ ಕುಲುಕತೊಡಗಿದಾಗ ಆ ಚೀಲವನ್ನೂ ಅಣ್ಣನ ಮುಂದಿದ್ದ ಚೀಲವನ್ನೂ ಮುಗಿಸಿ, ಜಯಮ್ಮನವರ ಚೀಲಕ್ಕೆ ಕೈಚಾಚಿದೆ.

"ತಗಳಿ ಅನ್ವರಣ್ಣ. ನಂಗೂ ಬೇಕಾಯ್ತದೆ ಅಂತ ಇಟ್ಕಂಡಿದ್ದೆ. ಈಗ ನಿಮ್ಮನ್ನ ನೋಡ್ತಾ ನೋಡ್ತಾ ನಂದು ಹಂಗೇ ನಿಂತೋಯ್ತು," ಎಂದರು ಜಯಮ್ಮ.

ಅಣ್ಣ ಮಾತ್ರ ಕಿಟಕಿಗೆ ಹಣೆ ಹಚ್ಚಿ ಕೂತಿದ್ದ. ವಿಮಾನ ದಢಕ್ಕೆಂದು ಇಳಿದಾಗಲೆಲ್ಲ ಎಲ್ಲರೂ ಸೀಟಿನ ಕೈ ಹಿಡಿದುಕೊಳ್ಳುತ್ತಿದ್ದರು. ಅವನು ಅವರ ಮುಖಗಳನ್ನು ನೋಡಿ, ಏನಾಯಿತು ಎಂದು ನನ್ನನ್ನು ಕೇಳುತ್ತಿದ್ದ. ನನ್ನ ತಲೆಯನ್ನು ತನ್ನ ಎಡಗೈಯಲ್ಲಿ ಹಿಡಿದು, ಬಲಗೈಯಲ್ಲಿ ಊಟದ ತಟ್ಟೆ ಖಾಲಿ ಮಾಡಿದ. ಆಮೇಲೆ ನನ್ನ ತಟ್ಟೆಯನ್ನೂ ಮುಗಿಸಿದ.

ಟವೆಲ್ಲಿನ ನ್ಯಾಯ

ಸಿಂಗಪುರದಲ್ಲಿ ನನಗೆ ಮೊದಲು ಅಚ್ಚರಿಯಾದದ್ದು ಎತ್ತರದ ಕಟ್ಟಡಗಳಲ್ಲ. ರಸ್ತೆಯಲ್ಲಿ ಒಂದು ವಾಹನವೂ ಇಲ್ಲದಿದ್ದರೂ ಜನ ಸಿಗ್ನಲ್ಲಿಗೆ ಕಾಯುತ್ತ ನಿಂತಿದ್ದು. ರಂಗಸ್ವಾಮಿ ಹಾಗೇ ದಾಟಲು ಹೊರಟ. ಪಕ್ಕದಲ್ಲಿದ್ದ ಮುದುಕಿಯೊಬ್ಬಳು ಅವನ ಸಫಾರಿ ಅಂಗಿಯ ತೋಳು ಹಿಡಿದು ಹಿಂದಕ್ಕೆ ಎಳೆದಳು. ಬೈಯಲಿಲ್ಲ, ನಗಲೂ ಇಲ್ಲ. ದೀಪ ಹಸಿರಾದ ಮೇಲೆ ತೋಳು ಬಿಟ್ಟು ತನ್ನ ಪಾಡಿಗೆ ತಾನು ಹೋದಳು. ಲಾರಿ ಮಾಲೀಕ ಬಾಯಿ ಮುಚ್ಚಿಕೊಂಡು ದಾಟಿದ. ಬಾಯಿ ಮುಚ್ಚಿಕೊಳ್ಳಲು ಇನ್ನೊಂದು ಕಾರಣವೂ ಇತ್ತು. ಬಾಯ್ತುಂಬ ಎಲೆಅಡಿಕೆ ಇತ್ತು, ಉಗುಳಲು ಊರಿನಲ್ಲಿ ಜಾಗವಿರಲಿಲ್ಲ. ಹೋಟೆಲ್ಲಿನ ರೂಮು ಮುಟ್ಟುವ ತನಕ ಅವನು ಎಲ್ಲದಕ್ಕೂ "ಹ್ಞೂಂ, ಹ್ಞೂಂ" ಎಂದೇ ಉತ್ತರ ಕೊಟ್ಟ. ಕೊನೆಗೆ ಅಣ್ಣನ ಥರ ಕೈಸನ್ನೆಗೂ ಇಳಿದ. ಅಣ್ಣ ಅವನ ಸನ್ನೆಗಳನ್ನು ತಿದ್ದಿಕೊಟ್ಟ.

ಮಧ್ಯಾಹ್ನ ನಮ್ಮನ್ನು ಒಂದು ದೊಡ್ಡ ಊಟದ ಚಾವಡಿಗೆ ಕರೆದುಕೊಂಡು ಹೋದರು. ಸುತ್ತ ಸಣ್ಣ ಸಣ್ಣ ಅಂಗಡಿ, ಒಂದೊಂದರಲ್ಲಿ ಒಂದೊಂದು ಊಟ, ನಡುವೆ ಮೇಜುಗಳು. ಖಾಲಿ ಮೇಜೊಂದು ಕಂಡಿತೆಂದು ಜಯಮ್ಮ ಹೋಗಿ ಕೂತರು. ಮೇಜಿನ ಮೇಲೆ ಕಾಗದದ ಕರವಸ್ತ್ರದ ಪುಟ್ಟ ಪೊಟ್ಟಣವೊಂದಿತ್ತು. ಯಾರೋ ಮರೆತುಹೋಗಿದ್ದಾರೆ ಎಂದು ಅದನ್ನೇ ಬಿಚ್ಚಿ ಮುಖ ಒರೆಸಿಕೊಂಡರು. ಸ್ವಲ್ಪ ಹೊತ್ತಿಗೆ ತಟ್ಟೆ ಹಿಡಿದ ಗಂಡಹೆಂಡತಿ ಬಂದು ನಿಂತು, ನಮ್ಮನ್ನೂ ಆ ಪೊಟ್ಟಣವನ್ನೂ ನೋಡಿ ತಬ್ಬಿಬ್ಬಾದರು. ಆ ಊರಿನಲ್ಲಿ ಮೇಜು ಹಿಡಿದಿಡುವ ರೀತಿಯೇ ಅದಂತೆ. ಪೊಟ್ಟಣ ಇಟ್ಟರೆ ಮುಗಿಯಿತು, ಅದು ಅವರ ಮೇಜು.

"ಅಯ್ಯೋ, ನಮ್ಮ ಬಸ್‌ಸ್ಟ್ಯಾಂಡ್‌ನಾಗೆ ಕಿಟಕಿಲಿ ಟವೆಲ್ ಹಾಕ್ತೀವಲ್ಲ, ಹಂಗೇಯಾ!" ಎಂದು ಜಯಮ್ಮ ನಾಚಿಕೆಯಿಂದ ಎದ್ದರು. ವ್ಯತ್ಯಾಸ ಇಷ್ಟೇ. ನಮ್ಮಲ್ಲಿ ಟವೆಲ್ ಹಾಕಿದ ಮೇಲೆ ಅದರ ಮೇಲೆ ಕೂತವನ ಜೊತೆ ಜಗಳಾಡಲು ಗಂಟಲೂ ಬೇಕು. ಇವರು ಜಗಳವಾಡಲಿಲ್ಲ. ಸರಿದು ಕೂತು ನಮಗೂ ಜಾಗ ಮಾಡಿಕೊಟ್ಟರು. ಜಯಮ್ಮ ಚೀಲದಿಂದ ಚಟ್ನಿಪುಡಿ ತೆಗೆದು ಅವರ ಅನ್ನದ ಮೇಲೆ ಉದುರಿಸಿದರು. ಆ ಗಂಡಸು ಒಂದು ತುತ್ತು ತಿಂದು ಕಣ್ಣೀರು ಸುರಿಸಿ, ಇನ್ನಷ್ಟು ಹಾಕಿ ಎಂದು ತಟ್ಟೆ ಮುಂದೆ ಚಾಚಿದ.

ಮರುದಿನ ಬೆಳಿಗ್ಗೆ ಎದ್ದಾಗ ಅಣ್ಣನ ಹಾಸಿಗೆ ಖಾಲಿ. ಹುಡುಕುತ್ತ ಕೆಳಗೆ ಓಡಿದೆ. ಹೋಟೆಲಿನ ಪಕ್ಕ ಒಂದು ಉದ್ಯಾನ. ಅಲ್ಲಿ ಚೀನೀ ಮುದುಕರೂ ಮುದುಕಿಯರೂ ಸಾಲಾಗಿ ನಿಂತು ನೀರಿನೊಳಗೆ ಇದ್ದವರ ಹಾಗೆ ನಿಧಾನವಾಗಿ ಕೈಕಾಲು ಆಡಿಸುತ್ತಿದ್ದರು. ಯಾರೂ ಮಾತಾಡುತ್ತಿರಲಿಲ್ಲ. ಕೊನೆಯ ಸಾಲಿನಲ್ಲಿ ನಮ್ಮಣ್ಣ, ಪೈಜಾಮ ಜುಬ್ಬದಲ್ಲಿ, ಅವರಂತೆಯೇ ಕೈ ಚಾಚಿ ನಿಂತಿದ್ದ. ಒಂಟಿಕಾಲ ಮೇಲೆ ನಿಲ್ಲಬೇಕಾದಾಗ ಮಾತ್ರ ಮೆಲ್ಲಗೆ ಮರಕ್ಕೆ ಕೈಕೊಟ್ಟ. ಮುಗಿದ ಮೇಲೆ ಎಲ್ಲರೂ ಪರಸ್ಪರ ತಲೆಬಾಗಿ ನಮಸ್ಕರಿಸಿದರು. ಅವನಿಗೂ ತಲೆಬಾಗಿದರು. ಇವನಿಗೆ ಕಿವಿ ಕೇಳದೆಂಬುದು ಅಲ್ಲಿ ಯಾರಿಗೂ ಗೊತ್ತೇ ಆಗಿರಲಿಲ್ಲ. ನನ್ನನ್ನು ಕಂಡು ಅಣ್ಣ ಕೈಮಾತಿನಲ್ಲಿ ಹೇಳಿದ: ಒಳ್ಳೆಯ ಊರು.

ದೋಣಿಯಲ್ಲಿ

ಅದೇ ದಿನ ಕಂಪನಿಯವರು ಎಲ್ಲ ಡೀಲರುಗಳನ್ನು ದೋಣಿಯಲ್ಲಿ ಒಂದು ದ್ವೀಪಕ್ಕೆ ಕರೆದೊಯ್ದರು. ಪಂಜಾಬಿನವರು, ಗುಜರಾತಿನವರು, ಅಸ್ಸಾಮಿನವರು, ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದ ದೊಡ್ಡ ದಂಡು. ಗಾಳಿ ಎದ್ದಿತ್ತು. ದೋಣಿ ಒಮ್ಮೆ ಮೂಗೆತ್ತುವುದು, ಒಮ್ಮೆ ಬಾಲ ಎತ್ತುವುದು. ಹಾಡುತ್ತ ಹತ್ತಿದ ಪಂಜಾಬಿಗಳ ಹಾಡು ಮೊದಲು ನಿಂತಿತು. ಆಮೇಲೆ ಒಬ್ಬೊಬ್ಬರಾಗಿ ಕಟಕಟೆ ಹಿಡಿದರು. ನಾನಂತೂ ಹತ್ತಿದ ಕೂಡಲೇ ಅಲ್ಲಿಗೆ ಹೋಗಿ ನಿಂತಿದ್ದೆ. ಜಯಮ್ಮನವರಿಗೂ ಈ ಸಲ ತಪ್ಪಲಿಲ್ಲ.

ಅಣ್ಣ ಮೊದಲು ನನ್ನ ಹಣೆ ಹಿಡಿದ. ಆಮೇಲೆ ಜಯಮ್ಮನವರಿಗೆ ನೀರು ಕೊಟ್ಟ. ಆಮೇಲೆ ಯಾರ ಪರಿಚಯವೂ ಇಲ್ಲದ ಗುಜರಾತಿ ಅಜ್ಜಿಯೊಬ್ಬರ ಬೆನ್ನು ನೀವಿದ. ಬೇಸಿನ್ನು ತಂದ, ಚೆಲ್ಲಿದ, ತೊಳೆದ, ಮತ್ತೆ ತಂದ. ಸಮುದ್ರ ಇರುವುದೇ ಅವನಿಗೆ ಗೊತ್ತಿಲ್ಲವೇನೋ ಎಂಬಂತೆ ಆ ಕುಣಿಯುವ ದೋಣಿಯಲ್ಲಿ ಕಂಬದಿಂದ ಕಂಬಕ್ಕೆ ಕೈಬದಲಿಸುತ್ತ ಓಡಾಡಿದ.

ರಂಗಸ್ವಾಮಿಯೂ ಗಟ್ಟಿ. ಎದೆಯ ಮೇಲೆ ಕೈಕಟ್ಟಿ ನಿಂತವನು ನನ್ನನ್ನು ನೋಡಿ ಅಂದ, "ನೋಡ್ರಿ ಸಾಬ್ರೇ, ಇಡೀ ದೋಣಿಲಿ ನಾನೂ ನಿಮ್ಮಣ್ಣನೂ ಇಬ್ರೇ ಗಂಡಸ್ರು!" ಅವನ ಬಾಯಿಯಲ್ಲಿ ಮೂಗಯ್ಯ ಹೋಗಿ 'ನಿಮ್ಮಣ್ಣ' ಬಂದದ್ದು ಆಗ.

ದ್ವೀಪದಲ್ಲಿ ಕಡಲ ಮೀನುಗಳನ್ನು ತೋರಿಸುವ ಗಾಜಿನ ಸುರಂಗವೊಂದಿತ್ತು. ಒಳಗೆ ಕತ್ತಲು, ತಲೆಯ ಮೇಲೆ ಮೀನು, ಕಾಲ ಕೆಳಗೆ ತಾನೇ ಚಲಿಸುವ ನೆಲ. ಅಲ್ಲಿ ಅಣ್ಣ ನನ್ನ ಹೆಗಲನ್ನು ಬಿಗಿಯಾಗಿ ಹಿಡಿದುಕೊಂಡ. ಕರೆಂಟು ಹೋದಾಗ ಮನೆಯಲ್ಲೂ ಹಾಗೇ, ಕತ್ತಲೆಂದರೆ ಅವನ ಹೆಜ್ಜೆ ತಪ್ಪುತ್ತದೆ. ರಂಗಸ್ವಾಮಿಗೆ ಸೋಜಿಗವಾಯಿತು.

"ಇದೇನ್ ಸಾಬ್ರೇ? ಸಮುದ್ರದ ಮೇಲೆ ನೆಟ್ಟಗೆ ನಿಂತಿದ್ದೋನು ನೆಲದ ಮೇಲೆ ಅಲ್ಲಾಡ್ತಾವ್ನೆ?"

ಕತ್ತಲೆಂದರೆ ಹೀಗೇ ಎಂದಷ್ಟೇ ಹೇಳಿ ಅಣ್ಣನನ್ನು ಬೆಳಕಿಗೆ ಕರೆತಂದೆ.

ಹೆಲ್ಮೆಟ್ಟಿನೊಳಗಿನ ಲೋಕ

ಕೊನೆಯ ದಿನದ ಮಧ್ಯಾಹ್ನ ನಮ್ಮನ್ನೆಲ್ಲ ಒಂದು ಭಾರೀ ಅಂಗಡಿ ಸಂಕೀರ್ಣದ ಮೇಲಿನ ಆಟದ ಮನೆಗೆ ಕರೆದೊಯ್ದರು. ಕಂಪ್ಯೂಟರ್ ಎಂಬುದನ್ನೇ ಬ್ಯಾಂಕಿನ ಗಾಜಿನ ಗೋಡೆಯಾಚೆ ನೋಡಿದ್ದ ನಮಗೆ ಅಲ್ಲಿ ಕಂಡದ್ದು ವಿಚಿತ್ರ. ದಂತವೈದ್ಯರ ಬಳಿ ಇರುವಂಥ ಒಂದು ಕುರ್ಚಿ, ಕೈಗೆ ಒಂದು ಹಿಡಿಕೆ. ಕುರ್ಚಿಯ ಮೇಲೆ ದಪ್ಪ ವೈರುಗಳಿಗೆ ತೂಗುತ್ತಿದ್ದ, ಕಣ್ಣನ್ನೂ ಕಿವಿಯನ್ನೂ ಮುಚ್ಚುವ ಹೆಲ್ಮೆಟ್ಟು. ಅದನ್ನು ಹಾಕಿಕೊಂಡರೆ ಇನ್ನೊಂದು ಲೋಕದೊಳಗೇ ಇರುತ್ತೀರಿ ಎಂದರು. ಅದಕ್ಕೆ ವರ್ಚುವಲ್ ರಿಯಾಲಿಟಿ ಎಂದು ಹೆಸರು. ಪುಟ್ಟ ವಿಮಾನವೊಂದನ್ನು ನಡೆಸುತ್ತ ಬೆಟ್ಟದ ಕಣಿವೆಗಳಲ್ಲಿ ನೆಟ್ಟ ಕೆಂಪು ಬಾವುಟಗಳನ್ನೆಲ್ಲ ಮುಟ್ಟಿ ಕೊನೆ ತಲುಪಬೇಕು.

ಬೆಂಗಳೂರಿನಿಂದ ನಮ್ಮ ಜೊತೆಗೇ ಬಂದಿದ್ದ ಆ ಅಧಿಕಾರಿ ಮೈಕು ಹಿಡಿದು ಸಾರಿದ: ಒಂದು ಅಂಗಡಿಯಿಂದ ಒಬ್ಬರು. ಯಾರು ಎಲ್ಲ ಬಾವುಟ ಮುಟ್ಟಿ ಬರುತ್ತಾರೋ ಅವರೇ ಸಂಜೆಯ ಔತಣದಲ್ಲಿ ಎಲ್ಲ ಡೀಲರುಗಳ ಪರವಾಗಿ ವೇದಿಕೆ ಹತ್ತಿ ನಾಲ್ಕು ಮಾತಾಡಬೇಕು. ಇಡೀ ದೇಶದ ಡೀಲರುಗಳ ಎದುರು ಮಾತಾಡುವುದೆಂದರೆ ಸಣ್ಣ ಮಾತಲ್ಲ. ಎಲ್ಲರ ಮೈಯಲ್ಲೂ ಹುರುಪು ಬಂತು. ನನ್ನ ಮೈಯಲ್ಲಿ ಕೂಡ. ಕುರ್ಚಿ ನೆಲಕ್ಕೆ ಭದ್ರವಾಗಿ ಅಂಟಿಕೊಂಡಿತ್ತಲ್ಲ! ಅಲ್ಲಾಡದ ಕುರ್ಚಿಯ ಮೇಲೆ ಕೂತವನಿಗೆ ವಾಂತಿ ಹೇಗೆ ಬಂದೀತು? ಎಲ್ಲರ ಹಾಗೆ ಗೆಲ್ಲುವ ಅವಕಾಶ ಜೀವನದಲ್ಲಿ ಇದೊಂದೇ ಎಂದುಕೊಂಡೆ.

ಹೆಲ್ಮೆಟ್ಟು ಇಳಿಯಿತು. ಕತ್ತು ಮುಂದಕ್ಕೆ ಜೋತುಬೀಳುವಷ್ಟು ಭಾರ, ಒಳಗೆ ಹಿಂದಿನವರ ಬೆವರಿನ ವಾಸನೆ. ಕಣ್ಣೆದುರು ನೀಲಿ ಆಕಾಶ, ಚೂಪು ಮೂಲೆಗಳ ಹಸಿರು ಬೆಟ್ಟಗಳು, ಮಕ್ಕಳು ರಟ್ಟಿನಲ್ಲಿ ಕತ್ತರಿಸಿ ಮಾಡಿದಂಥವು. ಆಹಾ ಎಂದು ಬಲಕ್ಕೆ ತಿರುಗಿದೆ. ತಲೆ ತಿರುಗಿತು, ಬೆಟ್ಟ ತಿರುಗಲಿಲ್ಲ. ನಾನು ನಿಂತ ಮೇಲೆ ಬೆಟ್ಟ ಬಂತು. ಎಡಕ್ಕೆ ತಿರುಗಿದೆ, ಮತ್ತೆ ಹಾಗೇ, ಲೋಕವೆಲ್ಲ ಒಂದು ಗಳಿಗೆ ತಡವಾಗಿ ನನ್ನ ಹಿಂದೆ ಎಳೆದುಕೊಂಡು ಬಂತು. ವಿಮಾನ ಕಣಿವೆಯೊಳಕ್ಕೆ ಧುಮುಕಿತು. ಕಣ್ಣು 'ಬಿದ್ದೆ' ಎಂದಿತು, ಕೂತ ಬೆನ್ನು 'ಇಲ್ಲವಲ್ಲ' ಎಂದಿತು. ಮೊದಲು ಆಕಳಿಕೆ ಬಂತು. ಆಮೇಲೆ ಬಾಯಲ್ಲಿ ನೀರು, ಕಿವಿಯ ಹಿಂದೆ ತಣ್ಣನೆಯ ಬೆವರು. ನಿಂಬೆಹಣ್ಣಿಗೆ ಜೇಬು ತಡಕಿದೆ, ಹಿಡಿಕೆ ತಪ್ಪಿತು, ಬೆಟ್ಟ ತಲೆಕೆಳಗಾಯಿತು. "ತೆಗೀರಿ, ತೆಗೀರಿ!" ಎಂದು ಕನ್ನಡದಲ್ಲೇ ಕೂಗಿಕೊಂಡೆ. ಆಟ ನೋಡಿಕೊಳ್ಳುತ್ತಿದ್ದ ಚೀನೀ ಹುಡುಗಿಗೆ ಆ ಕೂಗಿನ ಅರ್ಥ ಎಲ್ಲ ಭಾಷೆಯಲ್ಲೂ ಗೊತ್ತಿದ್ದಿರಬೇಕು. ಹೆಲ್ಮೆಟ್ಟು ಎತ್ತಿ, ಅದೇ ಕೈಯಲ್ಲಿ ಬಕೆಟ್ಟು ಕೊಟ್ಟಳು.

ಒಬ್ಬೊಬ್ಬರದೂ ಇದೇ ಕತೆಯಾಯಿತು. ಪಂಜಾಬಿನ ಪೈಲ್ವಾನನಂಥವರು ಗೋಡೆ ಹಿಡಿದು ಕೂತರು. ಅಸ್ಸಾಮಿನವರು ಎರಡನೇ ಬಾವುಟದಲ್ಲೇ ಕೈಮುಗಿದರು. ಜಯಮ್ಮ ಮಾತ್ರ ಕೂತಷ್ಟು ಹೊತ್ತು ಕದಲದೆ ಕೂತಿದ್ದು ನಗುನಗುತ್ತ ಎದ್ದುಬಂದರು. ಒಂದು ಬಾವುಟವನ್ನೂ ಮುಟ್ಟಿರಲಿಲ್ಲ.

"ಹೆಂಗಿತ್ತು ಜಯಕ್ಕ?" ರಂಗಸ್ವಾಮಿ ಕೇಳಿದ.

"ನಂಗೇನ್ ಗೊತ್ತು? ಹಾಕ್ತಿದ್ದಂಗೇ ಕಣ್ ಮುಚ್ಕಂಬುಟ್ಟೆ."

ಆಮೇಲೆ ರಂಗಸ್ವಾಮಿ. ಸಫಾರಿಯ ಗುಂಡಿ ಬಿಚ್ಚಿ, ಹಿಡಿಕೆಗೆ ಕೈಮುಗಿದು, ಲಾರಿ ಹತ್ತುವವನ ಗತ್ತಿನಲ್ಲಿ ಕೂತ. "ಹುತ್ರಿದುರ್ಗದ ಬೆಟ್ಟ ಹತ್ತಿ ಇಳಿದ ವಂಶ ಕಣ್ರೀ ನಮ್ದು. ಇದ್ಯಾವ್ ಲೆಕ್ಕ!" ನಿಜವಾಗಿ ಅವನು ಚೆನ್ನಾಗಿಯೇ ಓಡಿಸಿದ. ಪಕ್ಕದ ಪರದೆಯಲ್ಲಿ ನಮಗೆ ಎಲ್ಲವೂ ಕಾಣುತ್ತಿತ್ತು. ಬಾವುಟದ ಮೇಲೆ ಬಾವುಟ ಮುಟ್ಟಿದ, ನಾವು ಕೂಗಿ ಹುರಿದುಂಬಿಸಿದೆವು. ಇನ್ನೇನು ಮುಗಿಯಿತು ಅನ್ನುವಾಗ ಅವನ ಕಾಲು ಕುರ್ಚಿಯ ಕೆಳಗೆ ಇಲ್ಲದ ಬ್ರೇಕನ್ನು ತುಳಿಯತೊಡಗಿತು. ತುಳಿದ, ಮತ್ತೆ ತುಳಿದ. ಆಮೇಲೆ ಹೆಲ್ಮೆಟ್ಟು ತಾನೇ ಕಿತ್ತು ಓಡಿದ. ತಿರುಗಿ ಬಂದಾಗ ಮುಖ ಸುಣ್ಣ ಬಳಿದ ಗೋಡೆ.

"ಬ್ರೇಕೇ ಇಲ್ಲದ ಗಾಡಿ ಸಾಬ್ರೇ," ಎಂದು ನನ್ನ ಪಕ್ಕ ಕುಸಿದ. "ಘಾಟಿಲಿ ಒಂದಿನಾನೂ ಹಿಂಗಾಗ್ಲಿಲ್ಲ ಕಣ್ರೀ ನಂಗೆ."

ಅಧಿಕಾರಿ ಗಡಿಯಾರ ನೋಡಿ, ಯಾರೂ ಗೆದ್ದಿಲ್ಲ ಎಂದು ಮೈಕು ಎತ್ತಿಕೊಂಡ. ಆಗ ಅಣ್ಣ ಮುಂದೆ ಬಂದು ತನ್ನ ಎದೆ ತಟ್ಟಿಕೊಂಡ: ನಾನು.

ಅಧಿಕಾರಿ ನನ್ನತ್ತ ತಿರುಗಿದ. "ನಿಮ್ಮ ಅಂಗಡಿಯ ಸರದಿ ಆಯ್ತಲ್ಲ. ಅದೂ ಅಲ್ದೆ ಸೂಚನೆಗಳೆಲ್ಲ ಹೆಲ್ಮೆಟ್ ಒಳಗೆ ಕಿವಿಗೆ ಬರುತ್ತೆ. ಇವರಿಗೆ ಹೇಗೆ ಕೇಳಿಸುತ್ತೆ? ಬೇಡ ಬಿಡಿ, ಸುಮ್ನೆ ಬೇಜಾರಾಗ್ತಾರೆ."

ನಾನು ಬಕೆಟ್ಟು ಕೆಳಗಿಟ್ಟು ಎದ್ದು ನಿಲ್ಲಲು ನೋಡಿದೆ. ಮತ್ತೆ ಬಕೆಟ್ಟೇ ಬೇಕಾಯಿತು. ಜಯಮ್ಮ ಎದ್ದರು.

"ಅಲ್ಲ ಸಾರ್, ನಮಗೆಲ್ಲ ಕೇಳಿಸ್ತು. ಕೇಳಿ ಏನ್ ಕಿಸಿದ್ವಿ? ಅಂಗಡಿ ಬೋರ್ಡ್ ಮ್ಯಾಗೆ ಇಬ್ರ ಹೆಸ್ರೂ ಐತೆ. ಇವ್ರದೂ ಒಂದ್ ಸರದಿ ಐತೆ. ಕೂರ್ಲಿ ಬುಡಿ."

ಅಧಿಕಾರಿ ಏನಾದರೂ ಹೇಳುವ ಮೊದಲೇ ಅಣ್ಣ ಹೋಗಿ ಕುರ್ಚಿಯಲ್ಲಿ ಕೂತಾಗಿತ್ತು. ಚೀನೀ ಹುಡುಗಿ ಅವನ ಕಿವಿ ತೋರಿಸಿ ಕೇಳಿದಳು, ಅವನು ಕೇಳಿಸದೆಂದು ತಲೆಯಾಡಿಸಿದ. ಅವಳು ಎದುರು ಬಂದು ಮೊಣಕಾಲೂರಿ, ಹಿಡಿಕೆಯನ್ನು ಹೀಗೆ ಎಳೆದರೆ ಮೇಲೆ, ಹೀಗೆ ಒತ್ತಿದರೆ ಕೆಳಗೆ, ಬಾವುಟ ಮುಟ್ಟಬೇಕು, ಬೆಟ್ಟ ಮುಟ್ಟಬಾರದು ಎಂದು ಬೆರಳುಗಳಲ್ಲೇ ಹೇಳಿಕೊಟ್ಟಳು. ನಮಗೆ ಕಿವಿಯಲ್ಲಿ ಗಡಿಬಿಡಿಯಿಂದ ಹೇಳಿದ್ದಕ್ಕಿಂತ ಅದು ಎಷ್ಟೋ ಚೆನ್ನಾಗಿತ್ತು.

ವಿಮಾನ ಎದ್ದಿತು. ಮೊದಲು ಬೆಟ್ಟಕ್ಕೆ ಉಜ್ಜಿಕೊಂಡೇ ಹೋಯಿತು. ಒಂದು ಬಾವುಟ ತಪ್ಪಿತು, ಸುತ್ತಿಬಳಸಿ ಬಂದು ಅದನ್ನು ಮುಟ್ಟಿದ. ಯಾವ ಕಣಿವೆಯಲ್ಲಿ ನಾನು ಬಿದ್ದೆನೋ ಅಲ್ಲಿಗೆ ಬಂದಾಗ ಪರದೆ ನೋಡಲಾರದೆ ನಾನು ಅಣ್ಣನನ್ನೇ ನೋಡಿದೆ. ಆಕಳಿಕೆ ಬರುತ್ತದೆಯೇ? ಕೈ ಬೆವರುತ್ತದೆಯೇ? ಅವನು ಎರಡು ಕಾಲನ್ನೂ ಚಾಚಿ, ಚಾವಣಿ ಕಡೆ, ನೆಲದ ಕಡೆ, ಹಿಂದಕ್ಕೆ, ತಲೆಯನ್ನು ಬೇಕಾದ ಹಾಗೆ ತಿರುಗಿಸಿ ನೋಡುತ್ತಿದ್ದ. ಮದುವೆ ಮನೆಯ ದೀಪಾಲಂಕಾರ ನೋಡುವ ಹಾಗೆ. ಆಮೇಲೆ ನಕ್ಕ.

ಅಣ್ಣನ ನಗು ದೊಡ್ಡದು. ತನಗೆ ಕೇಳಿಸದ ನಗುವಿಗೆ ಅಳತೆ ಎಲ್ಲಿಂದ ಬರಬೇಕು? ಮದುವೆ, ಮಸೀದಿ, ಬಸ್ಸು ಎಲ್ಲಿ ನಕ್ಕರೂ ಜನ ತಿರುಗಿ ನೋಡುತ್ತಾರೆ. ಆಗ ನಾನು ಅವನ ಮೊಣಕೈ ಮುಟ್ಟುತ್ತೇನೆ, ಅವನು ಬಾಯಿ ಮುಚ್ಚಿಕೊಳ್ಳುತ್ತಾನೆ. ಅಂದೂ ಇಡೀ ಆಟದ ಮನೆ ತಿರುಗಿ ನೋಡಿತು. ನಾನು ಮುಟ್ಟಲಿಲ್ಲ. ಅವನು ನಗುತ್ತ ನಗುತ್ತ ಕಣಿವೆ ದಾಟಿದ, ರಂಗಸ್ವಾಮಿ ಬ್ರೇಕು ತುಳಿದ ಜಾಗವನ್ನೂ ದಾಟಿದ. ಅವನ ಸುತ್ತ ಬೇರೆ ಆಟಗಳನ್ನು ಬಿಟ್ಟು ಬಂದ ಹುಡುಗ ಹುಡುಗಿಯರ ಗುಂಪು ಕಟ್ಟಿತ್ತು.

ರಂಗಸ್ವಾಮಿ ತನ್ನ ಹೊಟ್ಟೆ ಹಿಡಿದುಕೊಂಡೇ ಎದ್ದು ಕೂಗಿದ, "ಎಡಕ್ಕೆ ಕಣಣ್ಣೋ! ಎಡಕ್ಕೆ ಹೊಡ್ಕೋ! ಹಾಂ... ಹಂಗೆ! ಬಿಡಬ್ಯಾಡ!" ಅಣ್ಣನಿಗೆ ಕೇಳುವುದಿಲ್ಲ ಎಂಬುದು ಅವನಿಗೂ ಮರೆತುಹೋಗಿತ್ತು, ನನಗೂ.

ಕೊನೆಯ ಬಾವುಟ ಮುಟ್ಟಿದಾಗ ಪರದೆಯ ತುಂಬ ಬಣ್ಣದ ಕಿಡಿಗಳು ಹಾರಿದವು. ಚೀನೀ ಹುಡುಗಿ ಹೆಲ್ಮೆಟ್ಟು ಎತ್ತಲು ಹೋದರೆ ಅಣ್ಣ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಒಂದು ಬೆರಳೆತ್ತಿದ: ಇನ್ನೊಂದು ಸಲ.

ಕಿವಿಯ ಡಾಕ್ಟರು ಹೇಳಿದ್ದು

ಊರಿಗೆ ಬಂದ ಮೇಲೆ ತುಮಕೂರಿನ ಕಿವಿಯ ಡಾಕ್ಟರೊಬ್ಬರಿಗೆ ಇದನ್ನೆಲ್ಲ ಹೇಳಿದೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ. ಕಿವಿಗೆ ಎರಡು ಕೆಲಸವಂತೆ. ಒಂದು ಕೇಳುವುದು, ಇನ್ನೊಂದು ಮೈ ಎತ್ತ ವಾಲಿತು, ಎತ್ತ ಚಲಿಸಿತು ಎಂದು ಮಿದುಳಿಗೆ ತಿಳಿಸುವುದು. ಕಣ್ಣು ಒಂದು ಹೇಳಿ ಒಳಗಿವಿ ಇನ್ನೊಂದು ಹೇಳಿದರೆ ಯಾರನ್ನು ನಂಬಬೇಕೆಂದು ತಿಳಿಯದೆ ಮಿದುಳು ಕಂಗಾಲಾಗುತ್ತದೆ, ಅದರ ಫಲವೇ ವಾಂತಿ. ಬಸ್ಸಿನಲ್ಲಿ, ದೋಣಿಯಲ್ಲಿ, ಆ ಹೆಲ್ಮೆಟ್ಟಿನಲ್ಲಿ ನಡೆಯುವುದು ಇದೇ ಜಗಳ. ಅಣ್ಣನ ಒಳಗಿವಿಯ ಎರಡೂ ಕೆಲಸಗಳನ್ನು ಆ ಜ್ವರ ಕೊಂಡೊಯ್ದಿತ್ತು. ಅವನ ತಲೆಯೊಳಗೆ ಜಗಳವಾಡುವವರೇ ಇರಲಿಲ್ಲ. ಕತ್ತಲಲ್ಲಿ ಹೆಜ್ಜೆ ತಪ್ಪುತ್ತಿದ್ದುದೂ ಅದಕ್ಕೇ. ಕಣ್ಣೊಂದೇ ಅವನ ಊರುಗೋಲು.

"ಹಾಗಾದ್ರೆ ಇದು ಊನಾನೋ ಶಕ್ತೀನೋ ಡಾಕ್ಟ್ರೇ?" ಎಂದು ಕೇಳಿದೆ.

"ನೆಲದ ಮೇಲೆ ಊನ. ದೋಣೀಲಿ ನಿಮ್ಮಣ್ಣನ್ನ ಕೇಳಿ," ಎಂದು ನಕ್ಕರು ಅವರು.

ವೇದಿಕೆ

ಇದ್ಯಾವುದೂ ಸಿಂಗಪುರದಲ್ಲಿ ನಮಗೆ ಗೊತ್ತಿರಲಿಲ್ಲ. ಗೊತ್ತಿದ್ದುದು ಗೆದ್ದವನು ಅಣ್ಣ ಎಂಬುದು ಮಾತ್ರ, ಮತ್ತು ಗೆದ್ದವನು ಮಾತಾಡಬೇಕೆಂಬುದು. ಹೋಟೆಲ್ಲಿನ ದೊಡ್ಡ ಹಾಲಿನಲ್ಲಿ ಔತಣ ಸಿದ್ಧವಾಗಿತ್ತು. ಅಧಿಕಾರಿ ನನ್ನನ್ನು ಬಾಗಿಲಲ್ಲೇ ತಡೆದ. ಪಾಪ, ಅವನ ಮುಖದಲ್ಲಿ ಕೆಟ್ಟತನವಿರಲಿಲ್ಲ, ಭಯವಿತ್ತು.

"ಮುಂಬಯಿಂದ ದೊಡ್ಡವರೆಲ್ಲ ಬಂದಿದ್ದಾರೆ. ಅಣ್ಣನ ಪರವಾಗಿ ನೀವೇ ಎರಡು ಮಾತು ಆಡಿಬಿಡಿ. ಅವರು ಪಕ್ಕದಲ್ಲಿ ನಿಂತಿರಲಿ."

ನಾನು ಅದನ್ನು ಅಣ್ಣನಿಗೆ ಕೈಮಾತಿನಲ್ಲಿ ತಿಳಿಸಿದೆ. ಅವನು ಅಧಿಕಾರಿಯನ್ನು ನೋಡಿದ, ನನ್ನನ್ನು ನೋಡಿದ. ಆಮೇಲೆ ನಿಧಾನವಾಗಿ, ಒಂದೊಂದೇ ಸನ್ನೆ ಬಿಡಿಸಿ ಹೇಳಿದ: ನಾನು ಮುಂದೆ. ನೀನು ಪಕ್ಕದಲ್ಲಿ.

ವೇದಿಕೆ ಹತ್ತಿದೆವು. ಮೈಕು ನನ್ನ ಕೈಯಲ್ಲಿತ್ತು. ಅವನು ಹೇಳುವುದನ್ನು ಮುರುಕು ಹಿಂದಿಯಲ್ಲಿ ಹೇಗೆ ಹೇಳಲಿ ಎಂದು ಮನಸ್ಸಿನಲ್ಲೇ ಪದ ಜೋಡಿಸುತ್ತಿದ್ದೆ. ಹಾಲಿನ ತುಂಬ ಮುಖಗಳು. ಹಿಂದಿನ ಮೇಜುಗಳಲ್ಲಿ ಯಾರೋ ಪಿಸುಗುಟ್ಟಿದರು.

ಅಣ್ಣ ಗಾಳಿಯಲ್ಲಿ ಒಂದು ಕುರ್ಚಿ ಎಳೆದು ಕೂತ. ಇಲ್ಲದ ಹೆಲ್ಮೆಟ್ಟು ಇಳಿಸಿಕೊಂಡ. ಕತ್ತು ಜೋತುಬಿತ್ತು. ಒಂದು ಆಕಳಿಕೆ. ಕೈ ಜೇಬಿನಲ್ಲಿ ನಿಂಬೆಹಣ್ಣು ತಡಕಿತು. ಕೆನ್ನೆ ಉಬ್ಬಿತು, ಕಣ್ಣು ಮೇಲೆ ಹೋಯಿತು. ಅದು ನಾನು! ಉಗುರಿನಿಂದ ನೆತ್ತಿಯ ತನಕ ನಾನೇ. ಮುಂದಿನ ಮೇಜಿನಲ್ಲಿ ಜಯಮ್ಮ ಮೊದಲು ಕಿಸಕ್ಕೆಂದರು. ಅಷ್ಟರಲ್ಲಿ ಅವನು ಇಲ್ಲದ ಸೆರಗು ಸರಿಮಾಡಿಕೊಂಡು, ಕಣ್ಣು ಬಿಗಿಯಾಗಿ ಮುಚ್ಚಿ, ದೇವರ ಮುಂದೆ ಕೂತಂತೆ ಕೂತಾಗಿತ್ತು. ಜಯಮ್ಮನವರಿಗೆ ನಗು ತಡೆಯದೆ ಕೆಮ್ಮು ಬಂತು. ಆಮೇಲೆ ಗುಂಡಿ ಬಿಚ್ಚಿ, ಹಿಡಿಕೆಗೆ ಕೈಮುಗಿದು, ಕಾಲಿನಿಂದ ಬ್ರೇಕು ತುಳಿಯುತ್ತ ತುಳಿಯುತ್ತ ಎದ್ದು ಓಡಿದ. ರಂಗಸ್ವಾಮಿ ಮೇಜಿಗೆ ತಲೆಯಿಟ್ಟು ನಗುತ್ತಿದ್ದ. ಪಂಜಾಬಿಗಳು ಬಂದರು, ಅಸ್ಸಾಮಿನವರ ಕೈಮುಗಿತ ಬಂತು, ದೋಣಿಯ ಕಟಕಟೆ ಬಂತು. ಕೊನೆಗೆ ಗಡಿಯಾರ ನೋಡಿ ನೋಡಿ ಬೆವರೊರೆಸಿಕೊಳ್ಳುವ ಅಧಿಕಾರಿಯೂ ಬಂದ. ಪಕ್ಕದಲ್ಲಿ ನಿಂತಿದ್ದ ಆ ತರುಣ ಕೈಯಲ್ಲಿ ಮುಖ ಮುಚ್ಚಿಕೊಂಡು ನಕ್ಕ.

ಅಷ್ಟು ದಿನ ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದೆ ಮೇಜು ಮೇಜಿಗೆ ಬೇರೆಯಾಗಿ ಕೂತಿದ್ದ ಜನ ಒಟ್ಟಿಗೆ ನಗುತ್ತಿದ್ದರು. ನನಗೆ ಹೇಳಲು ಏನೂ ಉಳಿದಿರಲಿಲ್ಲ. ಮೈಕನ್ನು ಮೆಲ್ಲಗೆ ಕೆಳಗಿಟ್ಟೆ.

ಆಗ ಅಣ್ಣ ಮತ್ತೆ ಕೂತ. ಈ ಸಲ ಬೇರೆ ಯಾರೂ ಆಗದೆ, ತಾನೇ ಆಗಿ. ಹಿಡಿಕೆ ಹಿಡಿದ, ತಲೆ ಎತ್ತಿದ, ಹಾರಿದ. ಎರಡೂ ತೋಳು ಚಾಚಿ, ವಾಲಿ, ತೇಲಿ, ಯಾರಿಗೂ ಕಾಣದ ಬಾವುಟಗಳನ್ನು ಒಂದೊಂದಾಗಿ ಮುಟ್ಟಿದ. ಹಾಲಿನಲ್ಲಿದ್ದವರ ತಲೆಗಳೂ ಅವನ ಜೊತೆ ವಾಲಿದವು. ಕೊನೆಯದನ್ನು ಮುಟ್ಟಿ ಎದ್ದು ನಿಂತು, ಉದ್ಯಾನದ ಮುದುಕರು ಅವನಿಗೆ ಮಾಡಿದ್ದ ಹಾಗೆ, ಎಲ್ಲರಿಗೂ ತಲೆಬಾಗಿದ.

ಚಪ್ಪಾಳೆ ಬಿತ್ತು. ಬಿತ್ತು ಎಂದರೆ ಸುರಿಯಿತು. ಅಣ್ಣ ಜನರ ಕೈಗಳನ್ನು ನೋಡುತ್ತ ನಿಂತ. ಆಗ ರಂಗಸ್ವಾಮಿಗೆ ಏನೋ ಹೊಳೆದಿರಬೇಕು. ಎದ್ದು ವೇದಿಕೆಯ ಬುಡಕ್ಕೆ ಓಡಿಬಂದು, ಹಲಗೆಯ ಅಂಚಿಗೆ ಎರಡೂ ಅಂಗೈಗಳಿಂದ ದಬದಬ ಬಡಿಯತೊಡಗಿದ. "ಕೈ ಅಲ್ರೋ, ಹಲಗೆ! ಹಲಗೆ ಬಡೀರೋ!" ಕನ್ನಡ ಯಾರಿಗೆ ಅರ್ಥವಾಯಿತೋ, ಪಂಜಾಬಿಗಳು ಬಂದರು, ಗುಜರಾತಿ ಅಜ್ಜಿ ಬಂದರು, ಜಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದರು. ವೇದಿಕೆಯ ಹಲಗೆಗಳೆಲ್ಲ ನಮ್ಮ ಕಾಲ ಕೆಳಗೆ ಗುಡುಗಿದವು.

ಅಣ್ಣ ಒಮ್ಮೆ ಬೆಚ್ಚಿ ಕಾಲ ಕೆಳಗೆ ನೋಡಿಕೊಂಡ. ಆಮೇಲೆ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಿಂತ. ಅವನ ಮುಖ ಅರಳುವುದನ್ನು ನಾನು ಪಕ್ಕದಿಂದಲೇ ನೋಡಿದೆ. ಅವನು ನನ್ನತ್ತ ತಿರುಗಿ, ಎರಡೂ ಕೈಯೆತ್ತಿ ಒಂದೇ ಒಂದು ಸನ್ನೆ ಮಾಡಿದ. ಅದನ್ನು ಮಾತ್ರ ನಾನು ಗಂಟಲು ಬಿರಿಯುವಂತೆ ಎಲ್ಲರಿಗೂ ಕೂಗಿ ಹೇಳಿದೆ:

"ಇನ್ನೂ ಜೋರಾಗಿ!"